ಗೋಡೆಯ ಮೇಲಿನ ವೇಳಾಪಟ್ಟಿ

"ಒಳಗೆ ಏನ್ ಮಾಡ್ತಾರಂತೆ?"

ಅತ್ತೆ ಫೋನಿನಲ್ಲಿ ಕೇಳಿದ ಪ್ರಶ್ನೆ ಇದು. ಕೆಲವು ವರ್ಷಗಳ ಹಿಂದಿನ ಮಾತು. ತಿಪಟೂರಿನ ಕಡೆ ಕೊಬ್ಬರಿ ವ್ಯಾಪಾರ ಮಾಡಿಕೊಂಡಿದ್ದ ನನ್ನ ಸೋದರಮಾವನನ್ನು ಮಾರನೆಯ ದಿನ ಒಂದು ಮದ್ಯವ್ಯಸನ ಚಿಕಿತ್ಸಾ ಕೇಂದ್ರಕ್ಕೆ ಸೇರಿಸುವುದೆಂದು ನಿಶ್ಚಯವಾಗಿತ್ತು. ಮನೆಯಲ್ಲಿ ಹೆಚ್ಚು ಓದಿದವಳು ಎಂದು ಪ್ರಶ್ನೆ ನನ್ನ ಪಾಲಿಗೆ ಬಂತು. ಕರೆಂಟು ಕೊಡ್ತಾರಾ? ಕಟ್ಟಿ ಹಾಕ್ತಾರಾ? ಎಷ್ಟು ದಿನಕ್ಕೆ ಸರಿಹೋಗ್ತಾರೆ? ನಾನು ಹತ್ತೊಂಬತ್ತನೆಯ ಶತಮಾನದ ಕಂದಾಯದ ಕಡತಗಳನ್ನು ಓದುವವಳು. ಉತ್ತರ ಗೊತ್ತಿರಲಿಲ್ಲ. "ಡಾಕ್ಟರು ಇರ್ತಾರೆ ಅತ್ತೆ, ನೋಡ್ಕೋತಾರೆ" ಅಂದು ಫೋನಿಟ್ಟೆ.

ಮಾರನೆಯ ದಿನ ಜೊತೆಗೆ ನಾನೂ ಹೋಗಿದ್ದೆ. ಮಾವನನ್ನು ಒಳಗೆ ಕರೆದುಕೊಂಡು ಹೋದ ಮೇಲೆ ಕಾಯುವ ಕೋಣೆಯಲ್ಲಿ ಮಾಡಲು ಬೇರೆ ಕೆಲಸವಿಲ್ಲದೆ ಗೋಡೆಗೆ ಅಂಟಿಸಿದ್ದ ವೇಳಾಪಟ್ಟಿಯನ್ನು ನಾಲ್ಕಾರು ಸಲ ಓದಿದೆ. ಬೆಳಿಗ್ಗೆ 6ಕ್ಕೆ ಎದ್ದು ಹಾಸಿಗೆ ಸರಿಮಾಡುವುದು. ಪ್ರಾರ್ಥನೆ, ಯೋಗ. ತಿಂಡಿ, ಮಾತ್ರೆ. 10ಕ್ಕೆ ಉಪನ್ಯಾಸ. ಆಮೇಲೆ ಗುಂಪು ಸಭೆ. ಮಧ್ಯಾಹ್ನ ಆಪ್ತಸಮಾಲೋಚನೆ. ಸಂಜೆ ಆಟ. ಭಾನುವಾರ ಮನೆಯವರ ತರಗತಿ. ಕೆಳಗೆ ದಪ್ಪಕ್ಷರದಲ್ಲಿ: ಅವಧಿ 28 ದಿನ.

ಕಡತ ಓದುವವರಿಗೂ ಒಂದು ಚಟ ಅಂಟಿಕೊಂಡಿರುತ್ತದೆ. ಯಾವ ಕಾಗದ ಕಂಡರೂ ಇದನ್ನು ಯಾರು ಬರೆದರು, ಯಾವಾಗ, ಯಾಕೆ ಎಂದು ಕೇಳದೆ ಇರಲಾಗುವುದಿಲ್ಲ. ಹಾಸಿಗೆ ಸರಿಮಾಡುವುದೂ ಔಷಧಿಯೇ? ಕುಡಿತ ಬಿಡಿಸಲು ಉಪನ್ಯಾಸವೇಕೆ? 28 ಯಾರ ಲೆಕ್ಕ? ನನ್ನ ಪ್ರಬಂಧಕ್ಕೆ ಸಂಬಂಧವಿಲ್ಲದ ಓದು ಅಲ್ಲಿಂದ ಶುರುವಾಯಿತು. ಆ ಪಟ್ಟಿಯ ಒಂದೊಂದು ಸಾಲೂ ಬೇರೆ ಬೇರೆ ಕಾಲದ್ದು, ಬೇರೆ ಬೇರೆ ಊರಿನದು ಎಂದು ತಿಳಿಯಲು ಬಹಳ ದಿನ ಹಿಡಿಯಿತು. ಅತ್ತೆಗೆ ಅಂದು ಕೊಡಲಾಗದ ಉತ್ತರವನ್ನು ಈಗ ಬರೆಯುತ್ತಿದ್ದೇನೆ.

*

ವೇಳಾಪಟ್ಟಿಗೂ ಮೊದಲು ಬರುವುದು ಸಹಿ. ಒಳಗೆ ಹೋಗುವವನು ರೋಗಿಯೋ ಕೈದಿಯೋ ಎಂಬುದು ಆ ಕಾಗದದಲ್ಲಿ ನಿರ್ಧಾರವಾಗುತ್ತದೆ.

ಕುಡಿತವೊಂದು ಕಾಯಿಲೆ ಎಂಬ ಮಾತನ್ನು ನಾವು ಹೊಸ ಕಾಲದ್ದು ಅಂದುಕೊಂಡಿದ್ದೇವೆ. ಅದಕ್ಕೆ ಇನ್ನೂರು ವರ್ಷ ದಾಟಿದೆ. ಫಿಲಡೆಲ್ಫಿಯಾದ ವೈದ್ಯ ಬೆಂಜಮಿನ್ ರಶ್, ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರಲ್ಲಿ ಒಬ್ಬ, ಬಟ್ಟಿ ಇಳಿಸಿದ ಮದ್ಯ ಮೈಮನಸ್ಸುಗಳಿಗೆ ಏನು ಮಾಡುತ್ತದೆ ಎಂದು 1784ರಲ್ಲೇ ಒಂದು ಕಿರುಹೊತ್ತಗೆ ಬರೆದ. ಸ್ಕಾಟ್ಲೆಂಡಿನ ಥಾಮಸ್ ಟ್ರಾಟರ್ ನೌಕಾಪಡೆಯ ವೈದ್ಯ. ಕುಡಿತದ ಮೇಲೆಯೇ 1788ರಲ್ಲಿ ಎಡಿನ್‌ಬರೋದಲ್ಲಿ ಪದವಿ ಪ್ರಬಂಧ ಸಲ್ಲಿಸಿ, 1804ರಲ್ಲಿ ಅದನ್ನು ಪುಸ್ತಕವಾಗಿ ವಿಸ್ತರಿಸಿ, ಇದು ಮನಸ್ಸಿನ ಕಾಯಿಲೆ ಎಂದ. 1849ರಲ್ಲಿ ಸ್ವೀಡನ್ನಿನ ಮ್ಯಾಗ್ನಸ್ ಹುಸ್ ಅದಕ್ಕೆ ಇಂದಿಗೂ ಬಳಕೆಯಲ್ಲಿರುವ 'ಆಲ್ಕೊಹಾಲಿಸಂ' ಎಂಬ ಹೆಸರಿಟ್ಟ.

ಕಾಯಿಲೆ ಅಂದ ಮೇಲೆ ಆಸ್ಪತ್ರೆ ಬೇಕು. ಕುಡುಕರಿಗೆಂದೇ ಒಂದು ಪ್ರತ್ಯೇಕ ಮನೆ ಇರಬೇಕೆಂದು ರಶ್ 1810ರಲ್ಲಿ ಸೂಚಿಸಿದ. ಅವನ ಕಾಲದಲ್ಲಿ ಅದು ಆಗಲಿಲ್ಲ. ಅರ್ಧ ಶತಮಾನದ ನಂತರ ನ್ಯೂಯಾರ್ಕ್ ರಾಜ್ಯದ ಬಿಂಗಮ್‌ಟನ್ ಊರಿನ ಗುಡ್ಡದ ಮೇಲೆ ಜೋಸೆಫ್ ಎಡ್ವರ್ಡ್ ಟರ್ನರ್ ಎಂಬ ವೈದ್ಯನ ಹಟದಿಂದ ಕೋಟೆಯಂಥ ಕಲ್ಲಿನ ಕಟ್ಟಡವೊಂದು ಎದ್ದಿತು. 1858ರಲ್ಲಿ ಅಡಿಗಲ್ಲು, 1864ರಲ್ಲಿ ಪ್ರವೇಶ. ಕುಡಿತವನ್ನು ಕಾಯಿಲೆಯೆಂದು ಒಪ್ಪಿ ಅದಕ್ಕಾಗಿಯೇ ಕಟ್ಟಿದ ಮೊದಲ ದೊಡ್ಡ ಆಸ್ಪತ್ರೆ ಅದು. ಆದರೆ ಬಾಗಿಲು ತೆರೆದ ಕೂಡಲೆ ಜಗಳ ಹತ್ತಿಕೊಂಡಿತು. ರೋಗಿಯನ್ನು ಬಲವಂತವಾಗಿಯಾದರೂ ದೀರ್ಘಕಾಲ ಒಳಗಿಡಬೇಕೆಂದು ಟರ್ನರ್. ಹಾಗಾದರೆ ಇದು ಆಸ್ಪತ್ರೆಯೋ ಜೈಲೋ ಎಂದು ಉಳಿದವರು. ಕೆಲವೇ ವರ್ಷಗಳಲ್ಲಿ ಟರ್ನರ್ ಹೊರಬಿದ್ದ. 1879ರಲ್ಲಿ ಸರ್ಕಾರ ಆ ಕಟ್ಟಡವನ್ನೇ ಹುಚ್ಚಾಸ್ಪತ್ರೆಯಾಗಿ ಬದಲಿಸಿತು. ಕಟ್ಟಡ ಇಂದಿಗೂ ಆ ಗುಡ್ಡದ ಮೇಲಿದೆ.

ಅದೇ 1879ರಲ್ಲಿ ಬ್ರಿಟನ್ನು ರೂಢಿಗತ ಕುಡುಕರ ಕಾಯ್ದೆ ತಂದಿತು. ಅದರ ಏರ್ಪಾಟು ವಿಚಿತ್ರ. ಕುಡುಕ ತಾನಾಗಿಯೇ ಇಬ್ಬರು ಮ್ಯಾಜಿಸ್ಟ್ರೇಟರ ಮುಂದೆ ನಿಂತು, ನನ್ನ ಸ್ವಾತಂತ್ರ್ಯವನ್ನು ಬಿಟ್ಟುಕೊಡುತ್ತೇನೆ ಎಂದು ಸಹಿ ಹಾಕಬೇಕು. ಹಾಕಿದ ಮೇಲೆ ಒಂದು ವರ್ಷದವರೆಗೂ ಮನಸ್ಸು ಬದಲಾಯಿಸುವ ಹಾಗಿಲ್ಲ. ಖರ್ಚೂ ಅವನದೇ. ಹೀಗಾಗಿ ಅದು ಉಳ್ಳವರ ಚಿಕಿತ್ಸೆಯಾಯಿತು. ಬಡವರಿಗೆ 1898ರ ಕಾಯ್ದೆ ಬಂತು. ಮತ್ತೆ ಮತ್ತೆ ಕುಡಿದು ಸಿಕ್ಕಿಬೀಳುವವರನ್ನು ನ್ಯಾಯಾಲಯವೇ ಮೂರು ವರ್ಷದವರೆಗೆ ಸುಧಾರಣಾಗೃಹಕ್ಕೆ ಕಳಿಸಬಹುದಿತ್ತು. ಹಾಗೆ ಹೋದವರಲ್ಲಿ ಬಹುಪಾಲು ಹೆಂಗಸರು. ಊರಿನಲ್ಲಿ ಕುಡಿಯುವವರು ಬಹುಪಾಲು ಗಂಡಸರು, ಬೀಗದ ಹಿಂದೆ ಮಾತ್ರ ಹೆಂಗಸರು. ಕುಡಿದ ಗಂಡಸು ಗಂಡಸೇ, ಕುಡಿದ ಹೆಂಗಸು ಕೆಟ್ಟ ತಾಯಿ ಎಂಬ ಲೆಕ್ಕಾಚಾರ ನಮಗೇನೂ ಅಪರಿಚಿತವಲ್ಲ. ಮೊದಲನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ಆ ಗೃಹಗಳೂ ಖಾಲಿಯಾದವು.

ಈ ಹಳೆಯ ಜಗಳಕ್ಕೆ ನಮ್ಮ ಕಾನೂನು ಕೊಟ್ಟ ಉತ್ತರ ತೀರ ಇತ್ತೀಚಿನದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ ಮತ್ತು ಮಾದಕ ವಸ್ತುಗಳಿಂದಾಗುವ ಮಾನಸಿಕ ಸ್ಥಿತಿಗಳನ್ನೂ ತನ್ನ ವ್ಯಾಪ್ತಿಗೆ ಸೇರಿಸಿಕೊಂಡಿದೆ. ಅದರ ಪ್ರಕಾರ ಸಾಧ್ಯವಾದಷ್ಟೂ ರೋಗಿ ತಾನೇ ಒಪ್ಪಿ ಸೇರಬೇಕು, ಹಾಗೆ ಸೇರಿದವನು ಬಿಡುಗಡೆಯನ್ನೂ ತಾನೇ ಕೇಳಬಹುದು. ಒಪ್ಪಿಗೆ ಕೊಡುವ ಸ್ಥಿತಿಯಲ್ಲಿ ಇಲ್ಲದವನನ್ನು ಇತರರ ಬೆಂಬಲದಿಂದ ಸೇರಿಸುವುದಾದರೆ ಅದಕ್ಕೆ ಷರತ್ತುಗಳಿವೆ, ಮೊದಲ ಸಲಕ್ಕೆ 30 ದಿನದ ಮಿತಿಯಿದೆ. ಸರಪಳಿ ಹಾಕುವುದು ಯಾವ ರೀತಿಯಲ್ಲೂ ನಿಷಿದ್ಧ. ಸಂಸ್ಥೆಯ ನಿಯಮಗಳಿಗೆ ಒಳಪಟ್ಟು ಫೋನು ಮಾಡುವ, ಬಂದವರನ್ನು ನೋಡುವ ಹಕ್ಕೂ ಉಂಟು.

ನಮಗೆ ಇದೊಂದೂ ತಿಳಿದಿರಲಿಲ್ಲ. ಆ ದಿನ ಕೌಂಟರಿನಲ್ಲಿದ್ದವರು ಒಂದು ತಿಂಗಳು ಫೋನು ಇಲ್ಲ ಎಂದಾಗ ತಲೆಯಾಡಿಸಿದೆವು. ಸಹಿ ಹಾಕಿದ್ದು ಅತ್ತೆ. ಮಾವ ಕುರ್ಚಿಯಲ್ಲಿ ಕೂತು ಕಿಟಕಿಯ ಕಡೆ ನೋಡುತ್ತಿದ್ದ. ಅವನನ್ನು ಯಾರೂ ಏನೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

*

ಇನ್ನು ಮಾತ್ರೆಯ ಸಾಲು. ಕುಡಿತಕ್ಕೆ ಒಂದು ಮದ್ದು ಇರಬೇಕು, ಕೊಟ್ಟರೆ ಬಿಟ್ಟುಹೋಗಬೇಕು ಎಂಬುದು ಎಲ್ಲ ಕಾಲದ ಎಲ್ಲ ಮನೆಗಳ ಆಸೆ. ಗೊತ್ತಾಗದ ಹಾಗೆ ಊಟದಲ್ಲಿ ಬೆರೆಸಿಕೊಡಿ ಎಂದು ಬರೆದ ಪುಡಿಗಳ ಜಾಹೀರಾತು ನಮ್ಮ ಬಸ್‌ಸ್ಟ್ಯಾಂಡುಗಳ ಗೋಡೆಗಳಲ್ಲಿ ಈಗಲೂ ಕಾಣುತ್ತದೆ. ಈ ಆಸೆಯ ಮೇಲೆ ಅತಿ ದೊಡ್ಡ ಸಾಮ್ರಾಜ್ಯ ಕಟ್ಟಿದವನು ಅಮೆರಿಕದ ಲೆಸ್ಲಿ ಕೀಲಿ. ಇಲಿನಾಯ್ ರಾಜ್ಯದ ಡ್ವೈಟ್ ಎಂಬ ಸಣ್ಣ ರೈಲ್ವೆ ಊರಿನಲ್ಲಿ 1879ರಲ್ಲಿ ಅವನು ಶುರುಮಾಡಿದ್ದು ಚಿನ್ನದ ಚಿಕಿತ್ಸೆ. ದಿನಕ್ಕೆ ನಾಲ್ಕು ಚುಚ್ಚುಮದ್ದು, ಒಟ್ಟು ನಾಲ್ಕು ವಾರ. ಮದ್ದಿನಲ್ಲಿ ಏನಿದೆ ಎಂಬ ಗುಟ್ಟನ್ನು ಕೊನೆಯವರೆಗೂ ಬಿಡಲಿಲ್ಲ. ಪರೀಕ್ಷಿಸಿ ನೋಡಿದ ರಸಾಯನಶಾಸ್ತ್ರಜ್ಞರಿಗೆ ಅದರಲ್ಲಿ ಚಿನ್ನವೊಂದು ಬಿಟ್ಟು ಬೇರೆ ಏನೇನೋ ಸಿಕ್ಕವು. 1890ರ ದಶಕದಲ್ಲಿ ಕೀಲಿಯ ಶಾಖೆಗಳು ಅಮೆರಿಕದ ಉದ್ದಗಲಕ್ಕೂ, ಅದರಾಚೆಗೂ ಹಬ್ಬಿದವು.

ಚಿನ್ನ ಸುಳ್ಳು. ಆದರೂ ಅಲ್ಲಿ ಹೋಗಿ ಕುಡಿತ ಬಿಟ್ಟವರು ಇದ್ದರು ಎಂಬುದು ಸುಳ್ಳಲ್ಲ. ಯಾಕೆ? ಕೀಲಿಯ ಮನೆಯಲ್ಲಿ ಬೀಗವಿರಲಿಲ್ಲ. ರೋಗಿಗಳು ಊರಲ್ಲಿ ಓಡಾಡಿಕೊಂಡಿದ್ದು, ಚುಚ್ಚುಮದ್ದಿನ ಹೊತ್ತಿಗೆ ಬಂದು ಸಾಲಾಗಿ ನಿಲ್ಲುತ್ತಿದ್ದರು. ಆ ಸಾಲಿನಲ್ಲಿ ವಕೀಲನ ಹಿಂದೆ ರೈತ, ರೈತನ ಹಿಂದೆ ಸೈನಿಕ. ಹೊಸದಾಗಿ ನಡುಗುತ್ತಾ ಬಂದವನಿಗೆ ಮೂರು ವಾರ ಕಳೆದವನು ಧೈರ್ಯ ಹೇಳುತ್ತಿದ್ದ. ವಾಸಿಯಾದವರು 1891ರಲ್ಲಿ ತಮ್ಮದೇ ಒಂದು ಸಂಘ ಕಟ್ಟಿಕೊಂಡು, ಊರಿಗೆ ಮರಳಿದ ಮೇಲೂ ಸೇರುತ್ತಿದ್ದರು. ಕೆಲಸ ಮಾಡಿದ್ದು ಸೂಜಿಯಲ್ಲ, ಸೂಜಿಗಾಗಿ ನಿಂತ ಸಾಲು ಎಂದು ನನಗನ್ನಿಸುತ್ತದೆ. ಕೀಲಿಗೆ ಮಾತ್ರ ಅದು ಕಾಣಲಿಲ್ಲ, ಅಥವಾ ಸಾಲನ್ನು ಸೀಸೆಯಲ್ಲಿ ತುಂಬಿ ಮಾರಲು ಬರುವುದಿಲ್ಲವಲ್ಲ.

ಇವತ್ತಿನ ವೇಳಾಪಟ್ಟಿಯ ಮಾತ್ರೆ ಬೇರೆಯದೇ. ಅದು ಕುಡಿಯುವ ಆಸೆಯನ್ನು ತೆಗೆಯುವುದಕ್ಕಲ್ಲ. ಮೊದಲ ವಾರ ಜೀವ ಉಳಿಸುವುದಕ್ಕೆ. ವರ್ಷಗಟ್ಟಲೆ ಮದ್ಯಕ್ಕೆ ಒಗ್ಗಿದ ಮಿದುಳಿಗೆ ಅದು ಒಮ್ಮೆಲೆ ನಿಂತರೆ ಕೆಲವೇ ಗಂಟೆಗಳಲ್ಲಿ ಕೈ ನಡುಗುತ್ತದೆ, ಬೆವರುತ್ತದೆ, ನಿದ್ದೆ ಹಾರುತ್ತದೆ. ಮೊದಲ ಎರಡು ದಿನಗಳಲ್ಲಿ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡರಿಂದ ನಾಲ್ಕನೆಯ ದಿನದ ನಡುವೆ ಕೆಲವರಿಗೆ ದಿಕ್ಕು, ದಿನ, ಜನ ಯಾವುದೂ ತಿಳಿಯದೆ, ಗೋಡೆಯ ಮೇಲೆ ಹುಳ ಹರಿಯುವುದು ಕಾಣುತ್ತದೆ. ಇದಕ್ಕೆ ಲಂಡನ್ ಬಳಿಯ ವೈದ್ಯ ಥಾಮಸ್ ಸಟನ್ 1813ರಲ್ಲಿ 'ಡೆಲಿರಿಯಂ ಟ್ರೆಮೆನ್ಸ್' ಎಂದು ಹೆಸರಿಟ್ಟ. ಚಿಕಿತ್ಸೆಯಿಲ್ಲದಿದ್ದರೆ ಇದು ಪ್ರಾಣ ತೆಗೆಯಬಲ್ಲದು. ನಮ್ಮೂರ ಕಡೆ ಇದಕ್ಕೆ ಗಾಳಿ ಸೋಕಿದೆ ಅನ್ನುತ್ತಿದ್ದರು, ತಾಯತ ಕಟ್ಟುತ್ತಿದ್ದರು.

ಇದು ಹೆಚ್ಚು ಕುಡಿದದ್ದರ ಫಲವೋ, ಒಮ್ಮೆಲೆ ಬಿಟ್ಟದ್ದರ ಫಲವೋ ಎಂಬ ವಾದ ಬಹಳ ಕಾಲ ನಡೆಯಿತು. ಅದು ತೀರ್ಮಾನವಾದ ಬಗೆ ಮನಸ್ಸಿಗೆ ಹಿತವಾಗುವಂಥದ್ದಲ್ಲ. ಅಮೆರಿಕದ ಕೆಂಟಕಿಯ ಲೆಕ್ಸಿಂಗ್ಟನ್‌ನಲ್ಲಿ ಮಾದಕ ವ್ಯಸನಿ ಕೈದಿಗಳಿಗಾಗಿ ಒಂದು ಸರ್ಕಾರಿ ಆಸ್ಪತ್ರೆಯಿತ್ತು. ಹ್ಯಾರಿಸ್ ಇಸ್ಬೆಲ್ ಮತ್ತು ಸಂಗಡಿಗರು ಅಲ್ಲಿ ಹತ್ತು ಜನರಿಗೆ ಒಳ್ಳೆಯ ಊಟ, ವಿಟಮಿನ್ನುಗಳ ಜೊತೆಗೆ ವಾರಗಟ್ಟಲೆ ಮದ್ಯ ಕುಡಿಸಿ, ಒಂದು ದಿನ ನಿಲ್ಲಿಸಿದರು. ಹೆಚ್ಚು ಕಾಲ ಕುಡಿದವರಿಗೆ ಫಿಟ್ಸೂ ಸನ್ನಿಯೂ ಬಂದವು. 1955ರಲ್ಲಿ ಪ್ರಕಟವಾದ ಈ ಅಧ್ಯಯನದಿಂದ ತೊಂದರೆಯ ಮೂಲ ನಿಲ್ಲಿಸುವುದರಲ್ಲಿದೆ ಎಂದು ಸ್ಪಷ್ಟವಾಯಿತು. ಆ ಹತ್ತು ಜನ ಒಪ್ಪಿಯೇ ಇದ್ದರು ಎನ್ನುತ್ತದೆ ದಾಖಲೆ. ಕೈದಿಯ ಒಪ್ಪಿಗೆಗೆ ಎಷ್ಟು ಬೆಲೆ ಎಂದು ಇಂದು ಯಾರಾದರೂ ಕೇಳುತ್ತಾರೆ.

ಈಗ ಮಾಡುವುದೇನೆಂದರೆ, 1960ರ ನಂತರ ಬಂದ ಕ್ಲೋರ್‌ಡೈಯಾಜೆಪಾಕ್ಸೈಡ್, ಡೈಯಾಜೆಪಾಮ್ ಜಾತಿಯ ಔಷಧಿಗಳನ್ನು ಮೊದಲು ಸಾಕಷ್ಟು ಕೊಟ್ಟು, ಐದಾರು ದಿನಗಳಲ್ಲಿ ಇಳಿಸುತ್ತಾ ಬಂದು ನಿಲ್ಲಿಸುತ್ತಾರೆ. ಜೊತೆಗೆ ಥಯಾಮಿನ್, ಅಂದರೆ ಬಿ1 ವಿಟಮಿನ್. ಅದು ಕೊರತೆಯಾದರೆ ನೆನಪೇ ಹೋಗುವ ಮಿದುಳಿನ ಕಾಯಿಲೆ ಬರುತ್ತದೆ. ವೆರ್ನಿಕೆ 1881ರಲ್ಲಿ, ಕೊರ್ಸಕಾಫ್ 1887ರಲ್ಲಿ ಅದರ ಎರಡು ಮುಖಗಳನ್ನು ವಿವರಿಸಿದರು. ಹೀಗಾಗಿ ಮೊದಲ ವಾರ ಹೆಚ್ಚಿನ ರೋಗಿಗಳು ಮಲಗಿಯೇ ಇರುತ್ತಾರೆ. ನಾಡಿ, ಬಿಪಿ ನೋಡುತ್ತಿರುತ್ತಾರೆ. ದಿನವೂ ಬಹಳ ಕುಡಿಯುವವರು ಮನೆಯಲ್ಲಿ ತಾವಾಗಿಯೇ ಒಮ್ಮೆಲೆ ನಿಲ್ಲಿಸುವುದು ಅಪಾಯ ಎನ್ನುವುದು ಇದಕ್ಕೇ. ವೈದ್ಯರಿಲ್ಲದ ಕೇಂದ್ರದಲ್ಲಿ ಕೂಡಿಹಾಕುವುದೂ ಅಷ್ಟೇ ಅಪಾಯ. ಸೇರಿಸುವ ಮೊದಲು ಕೇಳಬೇಕಾದ ಮೊದಲ ಪ್ರಶ್ನೆ ಗೋಡೆ ಎಷ್ಟು ಎತ್ತರ ಅಂತಲ್ಲ, ರಾತ್ರಿ ಪಾಳಿಯಲ್ಲಿ ಡಾಕ್ಟರು ನರ್ಸು ಇರುತ್ತಾರಾ ಅಂತ.

*

ಒಂದು ವಾರ ಕಳೆದ ಮೇಲೆ ಮೈ ಹಗುರಾಗುತ್ತದೆ. ನಿಜವಾದ ವೇಳಾಪಟ್ಟಿ ಶುರುವಾಗುವುದು ಆಗ. ಹಾಸಿಗೆ, ಉಪನ್ಯಾಸ, ಗುಂಪು ಸಭೆ.

ಗುಂಪಿನ ಚರಿತ್ರೆ ಒಂದು ಹೆಂಡದಂಗಡಿಯಲ್ಲೇ ಶುರುವಾಗುತ್ತದೆ. 1840ರಲ್ಲಿ ಬಾಲ್ಟಿಮೋರ್ ನಗರದ ಪಾನಗೃಹವೊಂದರಲ್ಲಿ ಆರು ಜನ ಕುಡುಕರು ಸೇರಿ, ನಾವೇ ಒಬ್ಬರಿಗೊಬ್ಬರು ಆಣೆಯಿಟ್ಟುಕೊಂಡು ಬಿಡೋಣ ಎಂದುಕೊಂಡರು. ವಾಷಿಂಗ್ಟೋನಿಯನ್ನರು ಎಂಬ ಹೆಸರಿನ ಈ ಚಳವಳಿಯಲ್ಲಿ ಉಪದೇಶಿಸಲು ಪಾದ್ರಿಗಳಿರಲಿಲ್ಲ; ಕುಡಿದು ಬಿಟ್ಟವನು ಎದ್ದು ನಿಂತು ತನ್ನ ಕಥೆ ಹೇಳುತ್ತಿದ್ದ. ಅದು ಕಾಡ್ಗಿಚ್ಚಿನಂತೆ ಹಬ್ಬಿ, ಅಷ್ಟೇ ಬೇಗ ಆರಿತು. 1842ರಲ್ಲಿ ಆ ಸಂಘವೊಂದರ ಸಭೆಯಲ್ಲಿ ಮಾತಾಡಿದವರಲ್ಲಿ ಅಬ್ರಹಾಂ ಲಿಂಕನ್ ಎಂಬ ಯುವ ವಕೀಲನೂ ಇದ್ದ.

ಅದೇ ವಿಚಾರ ಸುಮಾರು ನೂರು ವರ್ಷಗಳ ನಂತರ ಮತ್ತೆ ಹುಟ್ಟಿತು. ಷೇರು ವ್ಯವಹಾರದ ಬಿಲ್ ವಿಲ್ಸನ್ 1934ರ ಡಿಸೆಂಬರಿನಲ್ಲಿ ನಾಲ್ಕನೆಯ ಸಲ ನ್ಯೂಯಾರ್ಕಿನ ಆಸ್ಪತ್ರೆ ಸೇರಿ ಹೊರಬಂದ. ಮುಂದಿನ ವರ್ಷ ಆಕ್ರನ್ ಊರಿಗೆ ವ್ಯವಹಾರಕ್ಕೆಂದು ಹೋದಾಗ ಕೆಲಸ ಕೆಟ್ಟು, ಕೈಕಾಲು ಹೋಟೆಲಿನ ಬಾರಿನ ಕಡೆ ಎಳೆಯತೊಡಗಿದಾಗ, ಮಾತಾಡಲು ಇನ್ನೊಬ್ಬ ಕುಡುಕ ಬೇಕು ಎಂದು ಹುಡುಕಿದ. ಸಿಕ್ಕಿದವನು ಶಸ್ತ್ರವೈದ್ಯ ಬಾಬ್ ಸ್ಮಿತ್. ಬಾಬ್ ಕೊನೆಯ ಬಾರಿ ಕುಡಿದ ದಿನವೆಂದು ಗುರುತಿಸುವ 1935ರ ಜೂನ್ 10ನ್ನೇ ಆಲ್ಕೊಹಾಲಿಕ್ಸ್ ಅನಾನಿಮಸ್ ತನ್ನ ಹುಟ್ಟುಹಬ್ಬ ಎನ್ನುತ್ತದೆ. ಬಾಬ್‌ಗೆ ಬುದ್ಧಿ ಹೇಳಲು ಬಿಲ್ ಹೋಗಿರಲಿಲ್ಲ, ತಾನು ಉಳಿದುಕೊಳ್ಳಲು ಹೋಗಿದ್ದ. ಗುಂಪು ಸಭೆಯ ಮರ್ಮ ಇದೇ.

ಆಸ್ಪತ್ರೆಗಳು ಆಗ ಕುಡುಕರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಆಕ್ರನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾಖಲಾತಿ ನೋಡಿಕೊಳ್ಳುತ್ತಿದ್ದ ಸಿಸ್ಟರ್ ಇಗ್ನೇಶಿಯಾ 1939ರಲ್ಲಿ ಬಾಬ್‌ನ ರೋಗಿಗಳನ್ನು ಹೊಟ್ಟೆಯ ಉರಿಯೂತ ಎಂದು ಬರೆದುಕೊಂಡು ಒಳಗೆ ಬಿಟ್ಟುಕೊಂಡರು. ದಾಖಲೆಯಲ್ಲೊಂದು ಸಣ್ಣ ಸುಳ್ಳು. ಕಡತ ಓದುವ ನನಗೆ ಇಡೀ ಚರಿತ್ರೆಯಲ್ಲಿ ಇದಕ್ಕಿಂತ ಇಷ್ಟವಾದ ಸುಳ್ಳು ಸಿಕ್ಕಿಲ್ಲ.

ಹಾಸಿಗೆಯ ಸಾಲು ಬಂದದ್ದು ಮಿನೆಸೋಟ ರಾಜ್ಯದಿಂದ. 1949ರಲ್ಲಿ ಅಲ್ಲಿನ ಸೆಂಟರ್ ಸಿಟಿ ಎಂಬಲ್ಲಿ ಹಳೆಯ ತೋಟದ ಮನೆಯೊಂದರಲ್ಲಿ ಹೇಜಲ್ಡನ್ ಎಂಬ ಚಿಕಿತ್ಸಾಮನೆ ತೆರೆಯಿತು. ಆರಂಭದ ನಿಯಮಗಳು ಬೆರಳೆಣಿಕೆಯಷ್ಟು: ಮರ್ಯಾದೆಯಿಂದ ನಡೆದುಕೊಳ್ಳಿ, ಉಪನ್ಯಾಸಕ್ಕೆ ಬನ್ನಿ, ಒಬ್ಬರ ಜೊತೆ ಒಬ್ಬರು ಮಾತಾಡಿ, ನಿಮ್ಮ ಹಾಸಿಗೆ ನೀವೇ ಸರಿಮಾಡಿ. ಕುಡಿತದಲ್ಲಿ ಮೊದಲು ಕಳೆದುಹೋಗುವುದು ಬೆಳಗು. ಎದ್ದು ಹೊದಿಕೆ ಮಡಚುವುದೆಂದರೆ ಆ ಬೆಳಗನ್ನು ವಾಪಸು ಪಡೆಯುವುದು. ಅದೇ ರಾಜ್ಯದ ವಿಲ್ಮರ್ ಸರ್ಕಾರಿ ಆಸ್ಪತ್ರೆಯಲ್ಲಿ ನೆಲ್ಸನ್ ಬ್ರ್ಯಾಡ್ಲಿ, ಡೇನಿಯಲ್ ಆ್ಯಂಡರ್ಸನ್ ಮೊದಲಾದವರು 1950ರ ದಶಕದಲ್ಲಿ ಎರಡು ಕೆಲಸ ಮಾಡಿದರು. ಕುಡುಕರ ವಾರ್ಡಿನ ಬೀಗ ತೆಗೆದರು. ಕುಡಿತ ಬಿಟ್ಟವರನ್ನೇ ಸಂಬಳ ಕೊಟ್ಟು ಸಮಾಲೋಚಕರಾಗಿ ನೇಮಿಸಿಕೊಂಡರು. ವೈದ್ಯ, ಮನಶ್ಶಾಸ್ತ್ರಜ್ಞ, ಕುಡಿದು ಬಿಟ್ಟವನು ಒಂದೇ ಮೇಜಿನ ಸುತ್ತ ಕೂತದ್ದು ಆಗಲೇ. ಜಗತ್ತಿನ ಬಹುತೇಕ ಕೇಂದ್ರಗಳ ವೇಳಾಪಟ್ಟಿ ಈ ಮೇಜಿನ ನಕಲು.

*

ನಮ್ಮಲ್ಲಿ ಈ ಮೇಜು ಬರಲು ತಡವಾಯಿತು. ಕಾರಣ, ನಮ್ಮ ರಾಜಕಾರಣ ಕುಡಿತವನ್ನು ನೋಡಿದ್ದು ಅಂಗಡಿಯ ಕಡೆಯಿಂದ. 1937ರ ಅಕ್ಟೋಬರಿನಲ್ಲಿ ರಾಜಾಜಿಯವರ ಮದರಾಸು ಸರ್ಕಾರ ಸೇಲಂ ಜಿಲ್ಲೆಯಲ್ಲಿ ಪಾನನಿಷೇಧ ತಂದಿತು. ಸಂವಿಧಾನದ 47ನೆಯ ವಿಧಿಯಲ್ಲೂ ಆ ಆಶಯವೇ ಸೇರಿತು. ಅದೇ 1930ರ ದಶಕದಲ್ಲಿ ಕನ್ನಡದಲ್ಲಿ ಜಿ. ಪಿ. ರಾಜರತ್ನಂ ಅವರು ಎಂಡ್ಕುಡ್ಕ ರತ್ನನನ್ನು ಸೃಷ್ಟಿಸಿ, ಅವನ ಮಾತಿಗೆ ಕಾವ್ಯದ ಮರ್ಯಾದೆ ಕೊಟ್ಟರು. ಕುಡುಕನಿಗೆ ಕನ್ನಡದಲ್ಲಿ ಪದ ಸಿಕ್ಕಿತು. ಅವನಿಗೊಂದು ಹಾಸಿಗೆ ಸಿಗಲು ಇನ್ನೂ ಅರ್ಧ ಶತಮಾನ ಬೇಕಾಯಿತು. ಅಲ್ಲಿಯವರೆಗೆ ಇದ್ದದ್ದು ಮಾನಸಿಕ ಆಸ್ಪತ್ರೆಯ ಸಾಮಾನ್ಯ ವಾರ್ಡು, ಇಲ್ಲವೇ ಪೊಲೀಸ್ ಠಾಣೆ, ಇಲ್ಲವೇ ದೇವರ ಮುಂದೆ ಹಾಕುವ ಆಣೆ.

ಚೆನ್ನೈಯಲ್ಲಿ 1980ರಲ್ಲಿ ಶಾಂತಿ ರಂಗನಾಥನ್ ಒಂದು ಸಂಸ್ಥೆ ಕಟ್ಟಿದರು. ಪತಿ ಟಿ. ಟಿ. ರಂಗನಾಥನ್ ಕುಡಿತಕ್ಕೆ ಚಿಕ್ಕ ವಯಸ್ಸಿನಲ್ಲೇ ಬಲಿಯಾಗಿದ್ದರು. ಹೆಸರಾಂತ ಕೈಗಾರಿಕಾ ಮನೆತನ. ಸತ್ತ ಕಾರಣವನ್ನು ಮುಚ್ಚಿಟ್ಟುಕೊಳ್ಳುವುದು ಸುಲಭವಿತ್ತು. ಅದರ ಬದಲು ಆಕೆ ಅವರ ಹೆಸರನ್ನೇ ಸಂಸ್ಥೆಗೆ ಇಟ್ಟರು. ಹೆಂಡತಿಯೊಬ್ಬಳು ಕಟ್ಟಿದ್ದರಿಂದಲೋ ಏನೋ, ಅಲ್ಲಿ ರೋಗಿಯ ಚಿಕಿತ್ಸೆಯ ಜೊತೆಗೇ ಮನೆಯವರದ್ದೂ ನಡೆಯುತ್ತದೆ. ಭಾನುವಾರದ ಆ ಸಾಲು ನಮ್ಮ ಕಡೆಯ ಪಟ್ಟಿಗಳಲ್ಲಿ ಗಟ್ಟಿಯಾಗಿ ಉಳಿಯಲು ಇಂಥ ಸಂಸ್ಥೆಗಳೇ ಕಾರಣ. ಕುಡಿಯುವವನ ಮನೆಯಲ್ಲಿ ಉಳಿದವರೂ ಒಂದು ಬಗೆಯ ಕಾಯಿಲೆ ಬಿದ್ದಿರುತ್ತಾರೆ. ಸೀಸೆ ಹುಡುಕುವುದು, ಸುಳ್ಳು ಹೇಳಿ ರಜೆ ಹಾಕಿಸುವುದು, ರಾತ್ರಿ ಗೇಟಿನ ಸದ್ದಿಗೆ ಕಿವಿಯಾಗಿ ಮಲಗುವುದು. ಶಾಂತಿಯವರಿಗೆ 1992ರಲ್ಲಿ ಪದ್ಮಶ್ರೀ ಬಂತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನಮುಕ್ತಿ ಕೇಂದ್ರ ಶುರುವಾದದ್ದೂ 1990ರ ದಶಕದ ಆರಂಭದಲ್ಲೇ.

ಇದಕ್ಕೆ ಸಮಾನಾಂತರವಾಗಿ ದಕ್ಷಿಣದ ಹಳ್ಳಿಗಳಲ್ಲಿ ಇನ್ನೊಂದು ರೂಪ ಹುಟ್ಟಿತು: ಕಟ್ಟಡವಿಲ್ಲದ ಆಸ್ಪತ್ರೆ, ಅಂದರೆ ಶಿಬಿರ. ಚೆನ್ನೈನ ಅದೇ ಸಂಸ್ಥೆ ಕಾವೇರಿ ಬಯಲಿನ ಮಂಜಕ್ಕುಡಿಯಲ್ಲಿ ಇಂಥ ಶಿಬಿರಗಳನ್ನು ನಡೆಸಿತು. ನಮ್ಮಲ್ಲಿ ಧರ್ಮಸ್ಥಳದ ಆಶ್ರಯದ ಜನಜಾಗೃತಿ ವೇದಿಕೆ 1990ರ ದಶಕದಲ್ಲಿ ಬೆಳ್ತಂಗಡಿ ಸೀಮೆಯಿಂದ ಶುರುಮಾಡಿದ ಮದ್ಯವರ್ಜನ ಶಿಬಿರಗಳು ಸಾವಿರದ ಲೆಕ್ಕ ದಾಟಿವೆ. ಎಂಟು ದಿನ, ಊರಿನ ಒಂದು ಸಭಾಭವನ, ಊಟಕ್ಕೆ ಊರವರದೇ ಅಕ್ಕಿ ತರಕಾರಿ. ಯೋಗ, ಭಜನೆ, ವೈದ್ಯರ ತಪಾಸಣೆ, ಗುಂಪು ಮಾತು. ಮುಗಿದ ಮೇಲೆ ನವಜೀವನ ಸಮಿತಿ ಎಂಬ ಗುಂಪುಗಳು. ಎಂಟು ದಿನ ವೈದ್ಯಕೀಯವಾಗಿ ಸಾಕೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಕಠಿಣ ಸ್ಥಿತಿಯವರಿಗೆ ಆಸ್ಪತ್ರೆಯೇ ಬೇಕು. ಆದರೆ ಹೆಂಡದಂಗಡಿಯ ದಾರಿಯಲ್ಲೇ ಇರುವ ಸಭಾಭವನದಲ್ಲಿ, ಗುರುತಿನವರ ಕಣ್ಣೆದುರಿಗೇ ಬಿಡುವುದರಲ್ಲಿ ಒಂದು ತರ್ಕವಿದೆ: ಮರಳಿ ಬದುಕಬೇಕಾದದ್ದು ಅಲ್ಲೇ ತಾನೇ?

*

ಕೊನೆಗೆ ಆ ದಪ್ಪಕ್ಷರದ 28.

ಇದರ ಹಿಂದೆ ದೇಹದ ಯಾವ ನಿಯಮವೂ ಇಲ್ಲ. ಕೀಲಿಯದ್ದು ನಾಲ್ಕು ವಾರ, ಇಗ್ನೇಶಿಯಾ ಅವರದ್ದು ಐದು ದಿನ, ಇಂಗ್ಲೆಂಡಿನ ಕಾನೂನಿನದ್ದು ಒಂದು ವರ್ಷ, ಬೆಳ್ತಂಗಡಿಯದ್ದು ಎಂಟು ದಿನ. ಮಿನೆಸೋಟದ ಮನೆಗಳಲ್ಲಿ ನಾಲ್ಕು ವಾರ ರೂಢಿಯಾಯಿತು. ಅಮೆರಿಕದ ವಿಮಾ ಕಂಪನಿಗಳು ಅದಕ್ಕೇ ಹಣ ಕಟ್ಟತೊಡಗಿದ ಮೇಲೆ ಅದು ವಿಜ್ಞಾನದಂತೆ ಕಾಣತೊಡಗಿತು. ಲಂಡನ್ನಿನ ಗ್ರಿಫಿತ್ ಎಡ್ವರ್ಡ್ಸ್ ಮತ್ತು ಸಂಗಡಿಗರು 1977ರಲ್ಲಿ ಪ್ರಕಟಿಸಿದ ಅಧ್ಯಯನ ಇಡೀ ಕ್ಷೇತ್ರಕ್ಕೆ ಮುಜುಗರ ತಂದಿತು. ನೂರು ಜನ ವಿವಾಹಿತ ಗಂಡಸರಲ್ಲಿ ಅರ್ಧದಷ್ಟು ಜನಕ್ಕೆ ಆ ಕಾಲದ ಪೂರ್ಣ ಚಿಕಿತ್ಸೆ, ಉಳಿದವರಿಗೆ ಹೆಂಡತಿಯ ಸಮ್ಮುಖದಲ್ಲಿ ಒಂದೇ ಒಂದು ಸಲ ಸಲಹೆ. ವರ್ಷದ ಕೊನೆಯಲ್ಲಿ ಎರಡು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ.

ಇದನ್ನು ಮೊದಲು ಓದಿದಾಗ ನನಗೆ ಸಿಟ್ಟು ಬಂತು. ಅತ್ತೆ ಸರ ಅಡವಿಟ್ಟು ಕಟ್ಟಿದ ಹಣ ಏನಾಯಿತು ಹಾಗಾದರೆ? ಆಮೇಲೆ ನಿಧಾನವಾಗಿ ಹೊಳೆಯಿತು. ಆ ಅಧ್ಯಯನ ಚಿಕಿತ್ಸೆ ವ್ಯರ್ಥ ಎನ್ನುವುದಿಲ್ಲ. ಎಷ್ಟು ದಿನ ಒಳಗಿಟ್ಟಿರಿ ಎಂಬುದೊಂದರಿಂದಲೇ ಮನುಷ್ಯ ಬದಲಾಗುವುದಿಲ್ಲ, ಅವನ ಮನೆ, ಕೆಲಸ, ಸಂಗಡಿಗರು, ಅವನದೇ ನಿರ್ಧಾರ ಇವೆಲ್ಲ ಅಷ್ಟೇ ತೂಕದವು ಎನ್ನುತ್ತದೆ. ನಡುಗುವ ಮೈಗೆ ಆಸ್ಪತ್ರೆ ಬೇಕು, ಅದರಲ್ಲಿ ಅನುಮಾನವಿಲ್ಲ. ನಮ್ಮ ದೇಶದಲ್ಲಿ ಕೊರತೆಯಿರುವುದೇ ಅದರದ್ದು. 2019ರಲ್ಲಿ ಹೊರಬಂದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮದ್ಯಕ್ಕೆ ಅವಲಂಬಿತರಾದ ಸುಮಾರು 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಕ್ಕಿದೆ. ಒಳರೋಗಿಯಾಗಿ ಸೇರಿದವರು ಸುಮಾರು 180ರಲ್ಲಿ ಒಬ್ಬರು. ನನ್ನ ಮಾವ ಆ ಒಬ್ಬರಲ್ಲಿ ಒಬ್ಬ.

ಮಾವ 28 ದಿನ ಮುಗಿಸಿ ಬಂದ. ಮುಖ ತುಂಬಿಕೊಂಡಿತ್ತು. ಮನೆಯಲ್ಲಿ ಪಾಯಸ ಮಾಡಿದೆವು. ರಿಪೇರಿಗೆ ಬಿಟ್ಟ ಬೈಕು ವಾಪಸು ಬಂದ ಹಾಗೆ ಎಲ್ಲರಿಗೂ ಖುಷಿ. ನಾಲ್ಕು ತಿಂಗಳ ನಂತರ ಒಂದು ಮದುವೆಯಲ್ಲಿ ಮತ್ತೆ ಕುಡಿದ. "ಅಷ್ಟು ದುಡ್ಡು ಹಾಕಿದ್ದು ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತು" ಎಂದರು ಮನೆಯವರು. ಮರಳಿ ಕುಡಿಯುವುದು ಈ ಕಾಯಿಲೆಯಲ್ಲಿ ಸಾಮಾನ್ಯ, ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಏರಿದರೆ ಚಿಕಿತ್ಸೆಯೇ ಸುಳ್ಳು ಎನ್ನುವುದಿಲ್ಲವಲ್ಲ ಎಂದು ನಾನು ಓದಿದ್ದನ್ನೆಲ್ಲ ಹೇಳಿದೆ. ಯಾರೂ ಕೇಳುವ ಸ್ಥಿತಿಯಲ್ಲಿರಲಿಲ್ಲ. ತಪ್ಪು ಅವರದಲ್ಲ. 28 ಎಂದು ದಪ್ಪಕ್ಷರದಲ್ಲಿ ಬರೆದಿದ್ದ ಆ ಗೋಡೆಯ ಮೇಲೆ 29ನೆಯ ದಿನದ ಬಗ್ಗೆ ಒಂದು ಸಾಲೂ ಇರಲಿಲ್ಲ.

ಎರಡನೆಯ ಸಲ ಬೇರೆ ಕಡೆ, ಒಂದು ಸರ್ಕಾರಿ ಆಸ್ಪತ್ರೆಗೆ ಹೋದೆವು. ಅಲ್ಲಿ ಮಾವನನ್ನು ಕೇಳಿದರು, ಸಹಿ ಅವನೇ ಹಾಕಿದ. ಹನ್ನೆರಡೇ ದಿನ ಇದ್ದದ್ದು. ಆದರೆ ಬಿಡುವಾಗ ಮುಂದಿನ ಭೇಟಿಯ ದಿನಾಂಕ ಬರೆದುಕೊಟ್ಟರು, ಪೇಟೆಯಲ್ಲಿ ವಾರಕ್ಕೊಮ್ಮೆ ಸೇರುವ ಒಂದು ಗುಂಪಿನ ವಿಳಾಸ ಕೊಟ್ಟರು. ಅತ್ತೆಯನ್ನೂ ಕೂರಿಸಿಕೊಂಡು ಒಂದು ಗಂಟೆ ಮಾತಾಡಿದರು. ಆ ಒಂದು ಗಂಟೆಯಲ್ಲಿ ಅತ್ತೆ ಮೊದಲ ಬಾರಿಗೆ ಬೇರೆಯವರ ಎದುರು ಅತ್ತಳಂತೆ.

ಈಗ ಮಾವ ಪ್ರತಿ ಗುರುವಾರ ಸಂಜೆ ಮಂಡಿ ಬೇಗ ಮುಚ್ಚಿ ಆ ಗುಂಪಿಗೆ ಹೋಗುತ್ತಾನೆ. ನಡುವೆ ಒಮ್ಮೆ ಜಾರಿದ್ದೂ ಉಂಟು, ಮರುದಿನವೇ ತಾನಾಗಿ ಆಸ್ಪತ್ರೆಗೆ ಹೋದದ್ದೂ ಉಂಟು. ಕಳೆದ ದೀಪಾವಳಿಗೆ ಊರಿಗೆ ಹೋದಾಗ ಪಕ್ಕದ ಬೀದಿಯ ಹೆಂಗಸೊಬ್ಬಳು ಬಂದು ಜಗಲಿಯಲ್ಲಿ ಕೂತಿದ್ದಳು. ಅವಳ ಮಗನನ್ನು ಸೇರಿಸಬೇಕಂತೆ. ಒಳಗೆ ಏನು ಮಾಡ್ತಾರೆ ಎಂದು ಅವಳೂ ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿದಳು: "ಒಳಗೆ ಮಾಡೋದು ಇರ್ಲಿ, ಬಂದ್ಮೇಲೆ ಯಾರ್ ಜೊತೆ ಕೂತ್ಕೋತಾನೆ ಅಂತ ಮೊದ್ಲು ಕೇಳ್ಕೊ. ಮತ್ತೆ ಸಹಿ ಅವನ ಕೈಲೇ ಹಾಕ್ಸು."